ಲಸಿಕೆ ಹಾಕಿದರೆ ಕೋಳಿಯ ಜೀನ್ ಬದಲಾಗುತ್ತದಾ?

ಪ್ರಶ್ನೆ: ನಾನು ವಿಜಯಪುರದವನು. ಪುಣೆಗೆ ಬಂದು 18 ವರ್ಷ ಆಯ್ತು, ಚಾಕಣದಲ್ಲಿ ಕೆಲಸ. ಎರಡು ವರ್ಷದಿಂದ ಮುಳಶಿ ತಾಲೂಕಿನ ಪೌಡ್ ಹತ್ತಿರ ಜಾಗ ಲೀಸಿಗೆ ತಗೊಂಡು ಕೋಳಿ ಸಾಕಿದ್ದೇನೆ, ಗಿರಿರಾಜ ಮತ್ತು ಜವಾರಿ. ಈ ಬೇಸಿಗೆಯ ಲಾಟ್‌ನಲ್ಲಿ 220 ಮರಿ ಇದ್ದವು. 7ನೇ ದಿನ ಕೊಕ್ಕರೆ ರೋಗದ ಲಸೋಟಾ ಲಸಿಕೆಯನ್ನು ಕಣ್ಣಿಗೆ ಹನಿ ಹಾಕಿಸಿದೆ. ನಾಲ್ಕು ದಿನಕ್ಕೆ ಸೀನಲು ಶುರು ಮಾಡಿದವು, ಆಮೇಲೆ ಕಡಿಮೆ ಆಯ್ತು. ನಾಲ್ಕನೇ ವಾರದ ಹೊತ್ತಿಗೆ ಕೆಲವು ಮರಿ ರೆಕ್ಕೆ ಇಳಿಬಿಟ್ಟು, ಬಿಳಿ ನೀರುಭೇದಿ ಆಗಿ 6 ಸತ್ತವು. 28ನೇ ದಿನ ಲಸೋಟಾ ಮತ್ತೆ ಕೊಟ್ಟೆ, ಈ ಸಲ ಕುಡಿಯುವ ನೀರಿನಲ್ಲಿ. ಬೋರ್ ಬತ್ತಿತ್ತು, ಮನೆಯಿಂದ ನಲ್ಲಿ ನೀರನ್ನೇ ಕ್ಯಾನ್‌ನಲ್ಲಿ ಒಯ್ದಿದ್ದೆ. ಆದರೂ ಎಂಟನೇ ವಾರದಲ್ಲಿ ಕತ್ತು ತಿರುಚಿಕೊಂಡು 31 ಸತ್ತವು. ಇಲ್ಲಿಯವರು ಮಾನಮೋಡಿ ಅಂದರು, ಅಂದರೆ ನಮ್ಮ ಕೊಕ್ಕರೆ ರೋಗವೇ. ಪಕ್ಕದ ತೋಟದವರು ವಾಟ್ಸಾಪ್‌ನಲ್ಲಿ ಬಂದ ಸುದ್ದಿ ತೋರಿಸಿದರು: ‘ಲಸಿಕೆ ಹಾಕಿದ ಕೋಳಿಯಲ್ಲಿ ಸಾವಿರಾರು ಜೀನ್ ಬದಲಾದವು.’ ಕೋಥ್ರೂಡ್‌ನ ನನ್ನ ಮೊಟ್ಟೆ ಗಿರಾಕಿಗಳಿಗೂ ಅದು ತಲುಪಿದೆ, ‘ಲಸಿಕೆ ಇಲ್ಲದ ಗಾವರಾನ್ (ಜವಾರಿ) ಮೊಟ್ಟೆ ಇದೆಯಾ’ ಅಂತ ಕೇಳುತ್ತಾರೆ. ನಿಜಕ್ಕೂ ಜೀನ್ ಬದಲಾಗುತ್ತದಾ? ಅದು ಮೊಟ್ಟೆಯಲ್ಲಿ ಬರುತ್ತದಾ? ಲಸಿಕೆ ಬಿಟ್ಟು, ಬದುಕಿ ಉಳಿದ ಗಟ್ಟಿ ಕೋಳಿಗಳಿಂದಲೇ ಮರಿ ಮಾಡಿಸಿದರೆ ಆಗುವುದಿಲ್ಲವಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಗತಿ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು, 31 ಕೋಳಿ ಸತ್ತ ಹೊಟ್ಟೆಯುರಿ. ಇನ್ನೊಂದು, ಜೀನ್ ಅನ್ನೋ ಪದದ ಭಯ. ಲಸಿಕೆ ಹಾಕಿಯೂ ಸತ್ತವಲ್ಲ ಅನ್ನೋ ಸಿಟ್ಟಿಗೆ ವಾಟ್ಸಾಪ್ ಒಂದು ಕಾರಣ ಕೊಟ್ಟಿತು, ಅಷ್ಟೆ. ಎರಡನ್ನೂ ಬಿಡಿಸಿ ನೋಡೋಣ.

ಮೊದಲು ಜೀನ್ ವಿಷಯ. ಆ ಸುದ್ದಿ ಪೂರ್ತಿ ಸುಳ್ಳಲ್ಲ. ಒಂದು ಪದ ಬಿಟ್ಟುಹೋಗಿದೆ. ಬದಲಾಗಿದ್ದು ಜೀನ್ ಅಲ್ಲ, ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅನ್ನೋದು. ಪಠ್ಯಪುಸ್ತಕದಲ್ಲಿ ಇದಕ್ಕೆ ‘ಜೀನ್ ಅಭಿವ್ಯಕ್ತಿ’ ಅನ್ನುತ್ತಾರೆ. ಪುಣೆಯಲ್ಲಿ 18 ವರ್ಷ ಇದ್ದೀರಿ, ನಿಮಗೆ ಹೀಗೆ ಹೇಳಿದರೆ ಸಾಕು. ಗಣಪತಿ ಹಬ್ಬದಲ್ಲಿ ಲಕ್ಷ್ಮೀ ರಸ್ತೆ ಪೂರ್ತಿ ಢೋಲು ತಾಶೆ. ಆ ಢೋಲುಗಳೆಲ್ಲ ಎಲ್ಲಿಂದ ಬಂದವು? ವರ್ಷವಿಡೀ ಇಲ್ಲೇ ಇದ್ದವು, ಯಾವುದೋ ಶೆಡ್ಡಿನಲ್ಲಿ ಬಟ್ಟೆ ಹೊದ್ದು ಕೂತಿದ್ದವು. ಹೊರಗೆ ತಂದರು, ಬಾರಿಸಿದರು, ವಿಸರ್ಜನೆ ಆದ ಮೇಲೆ ಒಳಗಿಟ್ಟರು. ಆ ಹತ್ತು ದಿನ ಯಾರಾದರೂ ಸದ್ದು ಅಳೆದು ‘ಪುಣೆ ಬದಲಾಯ್ತು’ ಅಂತ ಬರೆದರೆ ಅಂಕಿ ಸರಿ, ಅರ್ಥ ತಪ್ಪು.

ಕೋಳಿಯ ಜೀವಕೋಶದಲ್ಲೂ ಹಾಗೇ. ಅದರ ಜೀನೋಮ್, ಅಂದರೆ ಎಲ್ಲ ಜೀನ್‌ಗಳಿರುವ ಡಿಎನ್‌ಎ ಪುಸ್ತಕದ ಮೊದಲ ಕರಡನ್ನು ವಿಜ್ಞಾನಿಗಳು 2004ರಲ್ಲೇ ಓದಿದರು. ಓದಿದ್ದು ಕೆಂಪು ಕಾಡುಕೋಳಿಯದ್ದು, ಅಂದರೆ ನಿಮ್ಮ ಜವಾರಿ ಕೋಳಿಯ ಮೂಲಪುರುಷನದ್ದು. ಸುಮಾರು 100 ಕೋಟಿ ಅಕ್ಷರ, 39 ಜೊತೆ ಕ್ರೋಮೋಸೋಮ್. ಗಂಟಲಿನ ಕೋಶದಲ್ಲೂ ಕಾಲಿನ ಕೋಶದಲ್ಲೂ ಅದೇ ಪುಸ್ತಕ. ಯಾವ ಪುಟ ಈಗ ಓದಬೇಕೋ ಅದರ ನಕಲುಗಳು ಮಾತ್ರ ಹೊರಬರುತ್ತವೆ, ಅವೇ ಆರ್‌ಎನ್‌ಎ. ಸಂಶೋಧಕರು ಎಣಿಸೋದು ಈ ನಕಲುಗಳನ್ನು. ನಕಲು ಎಷ್ಟು ನಾಜೂಕು ಅಂದರೆ, ಕೋಳಿಯ ಗುಲ್ಮದ ಚೂರನ್ನು ತೆಗೆದ ಕೂಡಲೇ ದ್ರಾವಣದಲ್ಲಿ ಮುಳುಗಿಸದಿದ್ದರೆ ನೋಡನೋಡುತ್ತಲೇ ಹಾಳಾಗುತ್ತದೆ. ಒಮ್ಮೆ ನಾನೇ ಒಂದು ಫಾರ್ಮ್‌ನಲ್ಲಿ ಸ್ಯಾಂಪಲ್ ತೆಗೆದು, ಮಾಲೀಕರ ಜೊತೆ ಚಹಾ ಕುಡಿಯುತ್ತ ಕೂತು, ಪೂರ್ತಿ ಸ್ಯಾಂಪಲ್ ಕಳೆದುಕೊಂಡಿದ್ದೇನೆ. ಅಷ್ಟು ಕ್ಷಣಿಕವಾದದ್ದನ್ನು ಹಿಡಿದು ‘ಬದಲಾವಣೆ’ ಅನ್ನುತ್ತಿದ್ದಾರೆ. ಮೇ ತಿಂಗಳ ಬಿಸಿಲಲ್ಲಿ ಕೋಳಿಗಳನ್ನು ಟೆಂಪೋದಲ್ಲಿ ಒಯ್ದರೂ ಅವುಗಳಲ್ಲಿ ನೂರಾರು ಜೀನ್‌ಗಳ ಸದ್ದು ಏರಿಳಿಯುತ್ತದೆ. ಅದು ಯಾರ ವಾಟ್ಸಾಪ್‌ಗೂ ಬರುವುದಿಲ್ಲ.

ಈಗ ನಿಮ್ಮ ಮರಿಯ ಕಣ್ಣಿಗೆ ಹನಿ ಬಿದ್ದ ಆ ಗಳಿಗೆಗೆ ಬರೋಣ. ಲಸೋಟಾ ಅಂದರೆ ಜೀವಂತ ವೈರಸ್ಸೇ, ಆದರೆ ಸೌಮ್ಯ ಜಾತಿಯದು. 1946ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಒಂದು ಕೋಳಿ ಫಾರ್ಮ್‌ನಲ್ಲಿ ಸಿಕ್ಕಿದ್ದು, ಆ ಮನೆತನದ ಹೆಸರೇ ಉಳಿಯಿತು. ಕಣ್ಣಿನ ಹಿಂದೆ ಹಾರ್ಡರ್ ಗ್ರಂಥಿ ಅಂತ ಒಂದು ಪುಟ್ಟ ಗ್ರಂಥಿ ಇದೆ, ಕೋಳಿಯ ತಲೆಯಲ್ಲಿ ರೋಗದ ವಿರುದ್ಧದ ಠಾಣೆ ಅದು. ಕಣ್ಣಿಗೇ ಹನಿ ಹಾಕಿ ಅಂತ ನಾವು ಹಟ ಹಿಡಿಯೋದು ಇದಕ್ಕೆ. ವೈರಸ್ ಕೋಶದೊಳಗೆ ಹೋದ ಕೂಡಲೇ ಅಲ್ಲಿನ ಕಾವಲುಗಾರರು ‘ಇದು ನಮ್ಮ ಆರ್‌ಎನ್‌ಎ ಅಲ್ಲ’ ಅಂತ ಗುರುತಿಸುತ್ತಾರೆ. ಇಂಟರ್‌ಫೆರಾನ್ ಅನ್ನೋ ಕೂಗು ಹೊರಡುತ್ತದೆ. ಅದು ಕೇಳಿದ ಅಕ್ಕಪಕ್ಕದ ಕೋಶಗಳಲ್ಲಿ ನೂರಾರು ಜೀನ್ ಒಟ್ಟಿಗೆ ಎದ್ದು ಕೂರುತ್ತವೆ. ಕೆಲವು ವೈರಸ್ಸಿನ ನಕಲನ್ನು ಕತ್ತರಿಸಲು, ಕೆಲವು ಅದು ಹೊರಬೀಳದಂತೆ ತಡೆಯಲು. ಒಂದೆರಡು ದಿನದಲ್ಲಿ ಈ ಗದ್ದಲ ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ. ಎರಡನೇ ವಾರದ ಹೊತ್ತಿಗೆ ರಕ್ತದಲ್ಲಿ ವೈರಸ್ಸನ್ನು ಹಿಡಿದು ತಡೆಯುವ ಪ್ರತಿಕಾಯಗಳು ಏರುತ್ತವೆ.

ಅಂದಹಾಗೆ, ಈ ಇಂಟರ್‌ಫೆರಾನ್ ಜಗತ್ತಿಗೆ ಮೊದಲು ಗೊತ್ತಾಗಿದ್ದೇ ಕೋಳಿಮೊಟ್ಟೆಯಲ್ಲಿ. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಅನ್ನೋ ಇಬ್ಬರು, ಕಾವಿಗಿಟ್ಟ ಮೊಟ್ಟೆಯ ಒಳಪೊರೆಯ ಚೂರುಗಳಿಗೆ ಸತ್ತ ಫ್ಲೂ ವೈರಸ್ ಹಾಕಿದರು. ಆಮೇಲೆ ಜೀವಂತ ವೈರಸ್ ಹಾಕಿದರೆ ಅದು ಬೆಳೆಯಲೇ ಇಲ್ಲ. ಯಾಕೆ ಅಂತ ಹುಡುಕಿದಾಗ ಈ ಕೂಗು ಸಿಕ್ಕಿತು.

ಹಾಗಾದರೆ ಲಸಿಕೆ ವೈರಸ್ಸಿಗೂ ಮಾನಮೋಡಿ ವೈರಸ್ಸಿಗೂ ಏನು ಫರಕು? ನಮ್ಮಲ್ಲಿ ಕೊಕ್ಕರೆ ರೋಗ, ಇಲ್ಲಿ ಮಾನಮೋಡಿ, ಪುಸ್ತಕದಲ್ಲಿ ರಾಣಿಖೇತ್, ಹೊರದೇಶದಲ್ಲಿ ನ್ಯೂಕ್ಯಾಸಲ್. ರೋಗ ಒಂದೇ, ವೈರಸ್ ಕುಲವೂ ಒಂದೇ. ವ್ಯತ್ಯಾಸ ಇರೋದು ಒಂದು ಬೀಗದಲ್ಲಿ. ಕೋಶದೊಳಗೆ ನುಗ್ಗಬೇಕಾದರೆ ವೈರಸ್ಸಿನ ಮೈಮೇಲಿನ ಒಂದು ಪ್ರೊಟೀನ್ ಕತ್ತರಿಸಿಕೊಳ್ಳಬೇಕು. ಲಸೋಟಾದ ಬೀಗ ತೆಗೆಯುವ ಕಿಣ್ವ ಉಸಿರಾಟದ ದಾರಿ ಮತ್ತು ಕರುಳಿನಲ್ಲಿ ಮಾತ್ರ ಸಿಗುತ್ತದೆ. ಅದಕ್ಕೇ ಅದು ಗಂಟಲು ಕೆರೆದು, ಸೀನಿಸಿ, ಸುಮ್ಮನಾಗುತ್ತದೆ. ಮಾನಮೋಡಿ ವೈರಸ್ಸಿನ ಬೀಗ ತೆಗೆಯುವ ಕಿಣ್ವ ಮೈಯಲ್ಲೆಲ್ಲ ಇದೆ. ಮಿದುಳು, ಗುಲ್ಮ, ಹೊಟ್ಟೆ, ಯಾವುದನ್ನೂ ಬಿಡುವುದಿಲ್ಲ. ಆಗ ಏಳುವುದೂ ಬಹುಪಾಲು ಅದೇ ಜೀನ್‌ಗಳೇ, ಆದರೆ ಎಲ್ಲ ಅಂಗದಲ್ಲೂ ಒಮ್ಮೆಲೇ, ಮಿತಿ ಮೀರಿ. ಉರಿಯೂತದ ಸಂದೇಶಗಳು ಏರುತ್ತಲೇ ಹೋಗುತ್ತವೆ, ಇಳಿಯಲು ಕೋಳಿ ಉಳಿದಿರುವುದಿಲ್ಲ. ಸತ್ತ ಕೋಳಿಯ ಹೊಟ್ಟೆ ಬಿಚ್ಚಿ ನೋಡಿದ್ದೀರಾ? ಗಂಟಲ ಚೀಲದ ಆಚೆ, ಕಲ್ಲುಹೊಟ್ಟೆಗಿಂತ ಮೊದಲು ಒಂದು ಮೆತ್ತನೆ ಹೊಟ್ಟೆ ಇರುತ್ತದೆ. ಅದರ ಒಳಗೋಡೆಯ ಪುಟ್ಟ ಪುಟ್ಟ ಗುಬುಟುಗಳ ತುದಿಯಲ್ಲಿ ಸೂಜಿ ಚುಚ್ಚಿದಂತೆ ರಕ್ತದ ಚುಕ್ಕೆ. ಅದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

‘ಸರಿ ಡಾಕ್ಟ್ರೇ, ಆದರೆ ಯಾವ ವೈರಸ್ಸೂ ಜೀನ್‌ನಲ್ಲಿ ಸೇರಿಕೊಳ್ಳುವುದೇ ಇಲ್ಲವಾ?’ ಅಂತ ಕೇಳಿದರೆ, ಸೇರಿಕೊಳ್ಳುವ ವೈರಸ್ಸುಗಳಿವೆ. ಅದನ್ನು ಜಗತ್ತಿಗೆ ಕಲಿಸಿದ್ದೂ ಕೋಳಿಯೇ. 1911ರಲ್ಲಿ ಪೇಟನ್ ರೌಸ್ ಕೋಳಿಯ ಒಂದು ಗಡ್ಡೆಯಿಂದ ಸೋಸಿದ ರಸವನ್ನು ಇನ್ನೊಂದು ಕೋಳಿಗೆ ಚುಚ್ಚಿ ಕ್ಯಾನ್ಸರ್ ಬರುತ್ತದೆ ಅಂತ ತೋರಿಸಿದರು. ನೊಬೆಲ್ ಬರಲು 1966 ಆಯ್ತು. ಆ ಜಾತಿಯ ವೈರಸ್ ತನ್ನ ನಕಲನ್ನು ಕೋಳಿಯ ಡಿಎನ್‌ಎ ಒಳಗೇ ಹೊಲಿದುಬಿಡುತ್ತದೆ. ಕೋಳಿಗೆ ಗಡ್ಡೆ ತರುವ ಮಾರೆಕ್ಸ್ ರೋಗದ ವೈರಸ್ ಕೂಡ ಬಿಳಿ ರಕ್ತಕಣಗಳ ಕ್ರೋಮೋಸೋಮಿನ ತುದಿಯಲ್ಲಿ ಮನೆ ಮಾಡಬಲ್ಲದು, ಅದೇ ವೈರಸ್ಸನ್ನು ಸೌಮ್ಯ ಮಾಡಿ ತಯಾರಿಸಿದ ಲಸಿಕೆಗೂ ಆ ಗುಣ ಇದೆ. ಆದರೆ ಮಾರೆಕ್ಸ್ ತಾಯಿಯಿಂದ ಮೊಟ್ಟೆಯ ಮೂಲಕ ಮರಿಗೆ ಹೋಗುವುದಿಲ್ಲ. ಲಸೋಟಾ ಈ ಗುಂಪಿಗೇ ಸೇರಿದ್ದಲ್ಲ. ಅದು ಆರ್‌ಎನ್‌ಎ ವೈರಸ್, ಕೋಶದ ಹಜಾರದಲ್ಲೇ ತನ್ನ ಕೆಲಸ ಮುಗಿಸುತ್ತದೆ. ಜೀನ್ ಇರುವ ಒಳಕೋಣೆಯಲ್ಲಿ ಅದು ಮರಿ ಮಾಡುವುದಿಲ್ಲ.

ಮೊಟ್ಟೆಗೆ ಬರೋಣ. ಲಸಿಕೆ ಹಾಕಿದ ಕೋಳಿಯ ಮೊಟ್ಟೆಯಲ್ಲಿ ಒಂದು ಸಂಗತಿ ಖಂಡಿತ ಇರುತ್ತದೆ, ಹಳದಿ ಭಾಗದಲ್ಲಿ ಪ್ರತಿಕಾಯಗಳು. ತಾಯಿ ಮರಿಗೆ ಕಟ್ಟಿಕೊಡುವ ಬುತ್ತಿ ಅದು. ಬೇಯಿಸಿ ತಿಂದರೆ ನಮಗೆ ಅದೂ ಒಂದು ಪ್ರೊಟೀನ್, ಅಷ್ಟೆ. ಕೊಂದ ವೈರಸ್ಸಿಗೆ ಎಣ್ಣೆ ಬೆರೆಸಿ ಮಾಡಿದ ಲಸಿಕೆ ಚುಚ್ಚಿಸಿದ್ದರೆ ಮಾತ್ರ, ಎಷ್ಟು ದಿನ ಮಾಂಸಕ್ಕೆ ಕಡಿಯಬಾರದು ಅಂತ ಬಾಟಲಿ ಮೇಲೆ ಬರೆದಿರುತ್ತದೆ, ಅದನ್ನು ಪಾಲಿಸಿ. ನಿಜವಾಗಿ ಜೋಪಾನವಾಗಿರಬೇಕಾದವರು ತಿನ್ನುವವರಲ್ಲ, ಹನಿ ಹಾಕುವವರು. ಲಸೋಟಾ ಕೈಯಿಂದ ನಿಮ್ಮ ಕಣ್ಣಿಗೆ ಹೋದರೆ ಕಣ್ಣು ಕೆಂಪಾಗಿ ಕೆಲವು ದಿನ ಉರಿಯುತ್ತದೆ. ನನಗೇ ಆಗಿದೆ, ಹೆಂಡತಿ ‘ಮದ್ರಾಸ್ ಐ’ ಅಂತ ಬೇರೆ ಕೋಣೆಗೆ ಕಳಿಸಿದ್ದಳು. ತಾನಾಗಿ ಹೋಯ್ತು. ಕೈ ತೊಳೆಯದೆ ಮುಖ ಮುಟ್ಟಬೇಡಿ.

ಇನ್ನು ಆ 31 ಕೋಳಿ. ಕೂತು ನೋಡದೆ ಇದೇ ಅಂತ ಹೇಳಲಾರೆ, ಆದರೆ ನಿಮ್ಮ ಪತ್ರದಲ್ಲೇ ಮೂರು ಸುಳಿವು ಇವೆ.

ನಲ್ಲಿ ನೀರು ಒಂದು. ಊರಿಗೆ ಬಿಡುವ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕ್ರಿಮಿ ಸಾಯಲಿ ಅಂತಲೇ ಹಾಕೋದು, ಅದಕ್ಕೆ ಲಸಿಕೆ ವೈರಸ್ ಯಾವುದು ಅಂತ ಗೊತ್ತಾಗುವುದಿಲ್ಲ. ಬಹುಶಃ ನೀವು 28ನೇ ದಿನ ಕೊಟ್ಟಿದ್ದು ಸತ್ತ ಲಸಿಕೆ. ಹೆಣ್ಣುಮಕ್ಕಳು ಹಾಲು ಒಡೆಯಿತು ಅಂತ ಕಣ್ಣಲ್ಲಿ ನೋಡುತ್ತಾರೆ, ಲಸಿಕೆ ಒಡೆದದ್ದು ಕಾಣುವುದಿಲ್ಲ.

ಎರಡನೆಯದು ನನಗೆ ಹೆಚ್ಚು ಚಿಂತೆ ತಂದದ್ದು, ನಾಲ್ಕನೇ ವಾರದ ಬಿಳಿ ಭೇದಿ. ಗಂಬೋರೊ ಅಂತ ಮರಿಗಳಿಗೆ ಬರುವ ಇನ್ನೊಂದು ವೈರಸ್ ರೋಗ ಇದೆ, ಅದರ ಲಸಿಕೆಯ ಮಾತೇ ನಿಮ್ಮ ಪತ್ರದಲ್ಲಿಲ್ಲ. ಆ ವಯಸ್ಸಿಗೆ ಆ ಲಕ್ಷಣ ಕಂಡರೆ ನಾನು ಮೊದಲು ಗಂಬೋರೊ ಅಂತಲೇ ಶಂಕಿಸುತ್ತೇನೆ. ಕೋಳಿಯ ಗುದದ್ವಾರದ ಮೇಲ್ಭಾಗದಲ್ಲಿ ಬರ್ಸಾ ಅನ್ನೋ ಚೀಲ ಇದೆ. ಅದು ಯಾಕಿದೆ ಅಂತ ಬಹುಕಾಲ ಯಾರಿಗೂ ಗೊತ್ತಿರಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಓಹಾಯೊದಲ್ಲಿ ಗ್ಲಿಕ್ ಅನ್ನೋ ವಿದ್ಯಾರ್ಥಿ ಕೆಲವು ಕೋಳಿಗಳ ಬರ್ಸಾ ತೆಗೆದಿದ್ದ. ಚಾಂಗ್ ಅನ್ನೋ ಗೆಳೆಯ ತರಗತಿಯಲ್ಲಿ ಪ್ರತಿಕಾಯ ತೋರಿಸೋಣ ಅಂತ ಅವೇ ಕೋಳಿಗಳನ್ನು ಎರವಲು ಪಡೆದ. ಪ್ರಯೋಗ ಕೈಕೊಟ್ಟಿತು, ಪ್ರತಿಕಾಯವೇ ಬರಲಿಲ್ಲ. ಆ ಕೈಕೊಟ್ಟ ಪಾಠದಿಂದಲೇ ಗೊತ್ತಾಯ್ತು, ಪ್ರತಿಕಾಯ ಮಾಡುವ ಕೋಶಗಳು ತಯಾರಾಗೋದು ಈ ಚೀಲದಲ್ಲಿ. ನಮ್ಮ ನಿಮ್ಮ ರಕ್ತದಲ್ಲೂ ಇರುವ ಬಿ ಕೋಶದ ‘ಬಿ’ ಬಂದದ್ದು ಬರ್ಸಾದಿಂದಲೇ. ಗಂಬೋರೊ ವೈರಸ್ ನೇರ ಹೋಗಿ ಇದನ್ನೇ ಹಾಳು ಮಾಡುತ್ತದೆ. ಅಂಥ ಬರ್ಸಾ ತೆಗೆದು ಜೀನ್ ಪರೀಕ್ಷೆ ಮಾಡಿದರೆ ಪ್ರತಿಕಾಯಕ್ಕೆ ಬೇಕಾದ ಜೀನ್‌ಗಳ ಸದ್ದು ಕುಸಿದಿರುತ್ತದೆ. ವರದಿ ಓದಿದವರು ‘ಜೀನ್ ಆಫ್ ಆಯ್ತು’ ಅನ್ನುತ್ತಾರೆ. ಆಫ್ ಆಗಿದ್ದಲ್ಲ, ಬಾರಿಸುವವರೇ ಸತ್ತಿದ್ದಾರೆ. ಬರ್ಸಾ ಕೆಟ್ಟ ಕೋಳಿಗೆ ಎಷ್ಟೇ ಒಳ್ಳೆಯ ಲಸೋಟಾ ಹಾಕಿದರೂ ಉತ್ತರ ಕೊಡಲು ಒಳಗೆ ಯಾರೂ ಇರುವುದಿಲ್ಲ.

ಮೂರನೆಯದು ಸರಳ. ಲಸೋಟಾದ ಕಾವಲು ಜಾಸ್ತಿ ದಿನ ಬಾಳುವುದಿಲ್ಲ. ಅದಕ್ಕೇ ನಮ್ಮಲ್ಲಿ 6ರಿಂದ 8ನೇ ವಾರದ ನಡುವೆ ಆರ್‌ಟುಬಿ ಅನ್ನೋ ಜೋರು ಲಸಿಕೆ ಚುಚ್ಚುತ್ತಾರೆ. ನಿಮ್ಮ ಕೋಳಿಗಳು ಆ ಹೊತ್ತಿಗೇ ಸಿಕ್ಕಿಬಿದ್ದವು.

ಲಸಿಕೆ ಬಿಟ್ಟು ಗಟ್ಟಿ ಕೋಳಿ ಆರಿಸೋಣ ಅನ್ನೋ ನಿಮ್ಮ ಯೋಚನೆಯನ್ನು ನಾನು ತಳ್ಳಿಹಾಕುವುದಿಲ್ಲ. ತಳಿಯಲ್ಲಿ ವ್ಯತ್ಯಾಸ ಇದ್ದೇ ಇದೆ. ಈಜಿಪ್ಟಿನ ಫಯೂಮಿ ಕೋಳಿ ಮತ್ತು ಬಿಳಿ ಲೆಗ್‌ಹಾರ್ನ್ ಎರಡಕ್ಕೂ ಇದೇ ಲಸೋಟಾ ವೈರಸ್ ಕೊಟ್ಟು, ಬಿಸಿಯಲ್ಲಿಟ್ಟು ಜೀನ್‌ಗಳ ಸದ್ದು ಅಳೆದಿದ್ದಾರೆ. ಎರಡರ ತಾಳ ಬೇರೆ, ಫಯೂಮಿ ಹೆಚ್ಚು ತಡೆದುಕೊಂಡಿತು. ಇನ್ನೂ ಸೋಜಿಗ ಬಾತುಕೋಳಿಯದು. ಹಕ್ಕಿಜ್ವರದ ವೈರಸ್ಸನ್ನು ಬೇಗ ಗುರುತಿಸುವ ರಿಗ್-1 ಅನ್ನೋ ಕಾವಲುಗಾರ ಜೀನ್ ಬಾತುಕೋಳಿಯಲ್ಲಿದೆ, ಕೋಳಿಯಲ್ಲಿ ಇಲ್ಲವೇ ಇಲ್ಲ. ಬಾತು ಎಷ್ಟೋ ಸಲ ಆರಾಮಾಗಿ ಈಜುತ್ತಿರುತ್ತದೆ, ಕೋಳಿ ಎರಡು ದಿನದಲ್ಲಿ ಸಾಯುತ್ತದೆ. ಇದಕ್ಕೆ ಅದೂ ಒಂದು ಕಾರಣ.

ಆದರೆ ಲೆಕ್ಕ ನೋಡಿ. ಲಸಿಕೆ ಇಲ್ಲದ ಹಿಂಡಿಗೆ ಜೋರು ಮಾನಮೋಡಿ ಹೊಕ್ಕರೆ ನೂರಕ್ಕೆ ನೂರೂ ಹೋಗಬಹುದು. ಆರಿಸಲು ಉಳಿಯೋದು ಯಾರು? ಉಳಿದ ಒಂದೆರಡು ಗಟ್ಟಿ ಇದ್ದದ್ದಕ್ಕೆ ಉಳಿದವೋ, ಸುಮ್ನೆ ಅದೃಷ್ಟಕ್ಕೆ ಉಳಿದವೋ ಅಂತ 220 ಕೋಳಿಯಲ್ಲಿ ಗೊತ್ತಾಗುವುದಿಲ್ಲ. ನಮ್ಮ ಅಜ್ಜಿಯ ಜವಾರಿ ಕೋಳಿಗಳು ಒಂದು ಹನಿ ಲಸಿಕೆ ಕಾಣದವು. ಒಂದು ಬೇಸಿಗೆ ಬೆಳಿಗ್ಗೆ ಅಜ್ಜಿ ಬುಟ್ಟಿ ಎತ್ತಿದಾಗ 14ರಲ್ಲಿ ಒಂದು ಮಾತ್ರ ಹೊರಗೆ ನಡೆದು ಬಂತು. ಸಂಜೆಗೆ ಅದೂ ಇಲ್ಲ. ಎಷ್ಟೋ ಪೀಳಿಗೆ ಹೀಗೆ ಸತ್ತೂ ಜವಾರಿ ಕೋಳಿಗೆ ಮಾನಮೋಡಿಯನ್ನು ಪೂರ್ತಿ ತಡೆಯುವ ಶಕ್ತಿ ಬಂದಿಲ್ಲ.

ಲಸಿಕೆ ವಿರೋಧಿಸುವವರ ಒಂದು ಮಾತಿಗೆ ಮಾತ್ರ ನಾನು ತಲೆ ಬಾಗುತ್ತೇನೆ. ಮಾರೆಕ್ಸ್ ಲಸಿಕೆ ಗಡ್ಡೆ ತಡೆಯುತ್ತದೆ, ಆದರೆ ಸೋಂಕು ತಡೆಯುವುದಿಲ್ಲ. ಕೋಳಿ ಬದುಕಿ, ರೆಕ್ಕೆಯ ಧೂಳಿನ ಮೂಲಕ ವೈರಸ್ ಹರಡುತ್ತಲೇ ಇರುತ್ತದೆ. ತುಂಬಾ ಜೋರು ವೈರಸ್ಸುಗಳು, ಮೊದಲಾದರೆ ಕೋಳಿಯ ಜೊತೆ ತಾವೂ ಮಣ್ಣಾಗುತ್ತಿದ್ದವು, ಹೀಗೆ ಉಳಿದುಕೊಳ್ಳಬಲ್ಲವು ಅಂತ 2015ರ ಪ್ರಯೋಗವೊಂದು ತೋರಿಸಿತು. ಅದರಿಂದ ನಾನು ಕಲಿತದ್ದು ಲಸಿಕೆ ಬಿಡೋದನ್ನಲ್ಲ. ಹಿಂಡಿನಲ್ಲಿ ಅರ್ಧಕ್ಕೆ ಹಾಕಿ ಅರ್ಧಕ್ಕೆ ಬಿಡಬಾರದು, ಹಳೆ ಲಾಟ್‌ನ ಹಾಸು ತೆಗೆಯದೆ ಹೊಸ ಮರಿ ಬಿಡಬಾರದು.

ಮುಂದೇನು ಅಂತ ಕೇಳಿದರೆ, ನಿಮ್ಮಷ್ಟು ಹಿಂಡಿಗೆ ನಾನು ಆರಿಸೋದು ಹಳೆಯ ದಾರಿಯನ್ನೇ. ಮೊದಲ ವಾರ ಕಣ್ಣಿಗೆ ಲಸೋಟಾ, ಎರಡನೇ ವಾರ ಗಂಬೋರೊ, ನಾಲ್ಕನೇ ವಾರ ಲಸೋಟಾ ಮತ್ತೆ, ಏಳನೇ ವಾರ ಆರ್‌ಟುಬಿ. ಇದರ ಅಪಾಯ ಹೇಳಿಬಿಡುತ್ತೇನೆ. ಮರಿಗಳಲ್ಲಿ ಮೊದಲೇ ಮೈಕೋಪ್ಲಾಸ್ಮಾ ನೆಗಡಿ ಇದ್ದರೆ ಲಸೋಟಾ ಸೀನು ವಾರ ದಾಟಿ ಎಳೆಯುತ್ತದೆ, ಕೆಲವು ಸಾಯಲೂಬಹುದು. ಲಸೋಟಾ ಕಾಣದ ಕೋಳಿಗೆ ಆರ್‌ಟುಬಿ ನೇರ ಚುಚ್ಚಿದರೆ ಲಸಿಕೆಯೇ ರೋಗ ಆಗುತ್ತದೆ, ಮೊಟ್ಟೆ ಇಡುವವಕ್ಕೆ ಚುಚ್ಚಿದರೆ ಮೊಟ್ಟೆ ಕುಸಿಯುತ್ತದೆ. ಗಂಬೋರೊ ಲಸಿಕೆಯಲ್ಲೂ ಜೋರಿನದು ಬರ್ಸಾವನ್ನು ಸ್ವಲ್ಪ ಕುಗ್ಗಿಸುತ್ತದೆ, ಆದ್ದರಿಂದ ಅಂಗಡಿಯವರು ಕೊಟ್ಟದ್ದನ್ನು ತರಬೇಡಿ, ನಿಮ್ಮ ಪಶುವೈದ್ಯರು ಬರೆದದ್ದನ್ನು ತನ್ನಿ. ಎಣ್ಣೆ ಲಸಿಕೆ ಕಾವಲು ಉದ್ದ, ಖರ್ಚೂ ಉದ್ದ. ಸೂಜಿ ನಿಮ್ಮ ಬೆರಳಿಗೆ ಚುಚ್ಚಿದರೆ ಸಣ್ಣದು ಅಂತ ಬಿಡದೆ ಆಗಲೇ ಆಸ್ಪತ್ರೆಗೆ ಹೋಗಿ. ಕೆಲವು ದೊಡ್ಡ ಹ್ಯಾಚರಿಗಳಲ್ಲಿ ಟರ್ಕಿ ಕೋಳಿಯ ನಿರುಪದ್ರವಿ ವೈರಸ್ಸಿಗೆ ರಾಣಿಖೇತ್‌ನ ಒಂದೇ ಒಂದು ಜೀನ್ ಸೇರಿಸಿದ ಲಸಿಕೆಯನ್ನು ಮೊದಲ ದಿನವೇ ಕೊಡುತ್ತಾರೆ. ಸೀನು ಇಲ್ಲ, ಆದರೆ ಕಾವಲು ಬರಲು ಮೂರು ನಾಲ್ಕು ವಾರ ಬೇಕು. ಇಲ್ಲಿ ಜೀನ್ ಬದಲಾಯಿಸಿದ್ದು ನಿಜ. ಅದು ಲಸಿಕೆಯ ವೈರಸ್ಸಿನದು, ಕೋಳಿಯದ್ದಲ್ಲ. ಗಿರಾಕಿ ಕೇಳಿದರೆ ಮುಚ್ಚಿಡಬೇಡಿ, ಹೀಗೇ ಹೇಳಿ.

ನೀರಿನಲ್ಲೇ ಕೊಡಬೇಕಾದರೆ ಬಾವಿ ಅಥವಾ ಬೋರ್ ನೀರು ತನ್ನಿ. ಲೀಟರಿಗೆ ಎರಡೂವರೆ ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕಲಸಿ, ಬೆಳಗಿನ ಜಾವ ಒಂದೆರಡು ಗಂಟೆ ನೀರು ಬಂದ್ ಮಾಡಿ ಬಾಯಾರಿಸಿ, ಆಮೇಲೆ ಲಸಿಕೆ ಕಲಸಿ ಇಡಿ. ಎರಡು ಗಂಟೆಯೊಳಗೆ ಖಾಲಿ ಆಗಬೇಕು. ಇದಕ್ಕಂತಲೇ ಸಿಗುವ ನೀಲಿ ಬಣ್ಣ ಬೆರೆಸಿದರೆ ನಾಲಿಗೆ ನೋಡಿ ಯಾರು ಕುಡಿದಿಲ್ಲ ಅಂತ ಹಿಡಿಯಬಹುದು.

ಇನ್ನೊಂದು. ಆ 31ರಲ್ಲಿ ಒಂದನ್ನೂ ಪರೀಕ್ಷೆಗೆ ಕಳಿಸಿದಂತೆ ಕಾಣುವುದಿಲ್ಲ. ಮಾನಮೋಡಿಯನ್ನೂ ಹಕ್ಕಿಜ್ವರವನ್ನೂ ಕಣ್ಣಿಂದ ಬೇರೆ ಮಾಡಲು ನನ್ನಿಂದಲೂ ಆಗದು. 2006ರ ಫೆಬ್ರುವರಿಯಲ್ಲಿ ದೇಶದ ಮೊದಲ ಹಕ್ಕಿಜ್ವರ ಬಂದದ್ದು ನಮ್ಮದೇ ಮಹಾರಾಷ್ಟ್ರದ ನವಾಪುರದಲ್ಲಿ, ಅದನ್ನು ಖಚಿತ ಮಾಡಿದ್ದು ಭೋಪಾಲ್‌ನ ಪ್ರಯೋಗಾಲಯ. ಮುಂದೆ ಹೀಗೆ ಸಾಲಾಗಿ ಸತ್ತರೆ ಮುಟ್ಟಬೇಡಿ, ಮಾರಬೇಡಿ, ತಾಲೂಕು ಪಶು ಆಸ್ಪತ್ರೆಗೆ ಆಗಲೇ ಫೋನ್ ಮಾಡಿ. ಔಂಧ್‌ನಲ್ಲೇ ರೋಗ ತಪಾಸಣೆಯ ಸರ್ಕಾರಿ ಪ್ರಯೋಗಾಲಯ ಇದೆ, ನಿಮಗೆ ದೂರವಲ್ಲ.

ಹೊಸ ಲಾಟ್ ಬಂದು ಕಣ್ಣಿಗೆ ಹನಿ ಹಾಕಿದ ನಾಲ್ಕನೇ ರಾತ್ರಿ, ದೀಪ ಆರಿಸಿ ಅರ್ಧ ಗಂಟೆ ಬಿಟ್ಟು, ಟಾರ್ಚ್ ಹಚ್ಚದೆ ಶೆಡ್ಡಿನೊಳಗೆ ನಿಂತುಕೊಳ್ಳಿ. ಐದು ನಿಮಿಷ. ಕತ್ತಲಲ್ಲಿ ಅಲ್ಲೊಂದು ಇಲ್ಲೊಂದು ‘ಚಿಕ್’ ಅಂತ ಸೀನು ಕೇಳಿದರೆ ಲಸಿಕೆ ಹತ್ತಿದೆ. ಒಂದೂ ಕೇಳದಿದ್ದರೆ ಲಸಿಕೆ ಸತ್ತಿತ್ತೇನೋ, ತಂದ ಐಸ್ ಡಬ್ಬಿ ನೆನಪಿಸಿಕೊಳ್ಳಿ. ಹತ್ತನೇ ರಾತ್ರಿಯೂ ಜೋರಾಗಿ ಕೇಳುತ್ತಲೇ ಇದ್ದರೆ ನನಗೆ ಬರೆಯಿರಿ, ಎಷ್ಟು ಸಲ ಕೇಳಿತು ಅನ್ನೋ ಎಣಿಕೆಯ ಜೊತೆ.